ಹುಟ್ಟುವ ಮೊದಲೇ ಪಾಸ್ಟರಮ್ಮ

ನಾನು ಮುಂದೆ ಪಾಸ್ಟರಮ್ಮ ಆಗುತ್ತೇನೆಂದು ಊರಿಗೆಲ್ಲ ಗೊತ್ತಾದಾಗ ನಾನಿನ್ನೂ ಅಮ್ಮನ ಹೊಟ್ಟೆಯಲ್ಲಿದ್ದೆ. ಅದು ಕಡಲಪಾಚಿಯ ಕೊಯ್ಲಿನ ಕಾಲ. ಸಂಜೆಯಾದರೂ ಅಪ್ಪನ ದೋಣಿ ದಡಕ್ಕೆ ಬರಲಿಲ್ಲ. ಗಾಳಿಗೆ ದ್ವೀಪದ ಟೆಲಿಫೋನ್ ತಂತಿಗಳೆಲ್ಲ ಹರಿದು ಬಿದ್ದಿದ್ದವು. ಸಭೆಯ ಹೆಂಗಸರು ರಾತ್ರಿಯಿಡೀ ಚರ್ಚಿನಲ್ಲಿ ಕೂತು ಪ್ರಾರ್ಥಿಸಿದರು. ಬೆಳಗಿನ ಜಾವ ತುಂಬು ಬಸುರಿ ಅಮ್ಮ ಎದ್ದು ನಿಂತು, ಕರ್ತನೇ, ಗಂಡನನ್ನು ಜೀವಂತ ಕಳಿಸಿಕೊಡು, ಹೊಟ್ಟೆಯಲ್ಲಿರುವುದನ್ನು ನಿನಗೇ ಕೊಡುತ್ತೇನೆ, ಗಂಡಾದರೆ ಪಾಸ್ಟರ್, ಹೆಣ್ಣಾದರೆ ಪಾಸ್ಟರನ ಹೆಂಡತಿ ಎಂದು ಎಲ್ಲರಿಗೂ ಕೇಳುವಂತೆ ಹರಕೆ ಹೊತ್ತಳು. ಮಧ್ಯಾಹ್ನದ ಹೊತ್ತಿಗೆ ಅಪ್ಪನ ದೋಣಿ ಬಂತು. ದಡದ ಕಟ್ಟೆಯ ಮೇಲೆ ನಿಂತು ಎಲ್ಲರೂ ಕೀರ್ತನೆ ಹಾಡಿದರಂತೆ. ನಾನು ಒಳಗಿನಿಂದ ಜೋರಾಗಿ ಒದ್ದೆನಂತೆ. ಅದನ್ನೂ ಒಪ್ಪಿಗೆ ಎಂದೇ ಲೆಕ್ಕಕ್ಕೆ ತೆಗೆದುಕೊಂಡರು.

ಇಂಥ ಹರಕೆ ನಮ್ಮ ಕಡೆ ಹೊಸದೇನಲ್ಲ. ನಮ್ಮ ದ್ವೀಪದಿಂದ ಹೋದ ಪಾಸ್ಟರುಗಳಲ್ಲಿ ಅರ್ಧ ಜನ ಬಿರುಗಾಳಿಯಿಂದ ಪಾಸ್ಟರಾದವರು, ಉಳಿದರ್ಧ ಜನ ವಿಷಮಜ್ವರದಿಂದ. ಗಂಡುಮಕ್ಕಳಿಗಾದರೆ ಒಂದು ಅನುಕೂಲವಿದೆ. ಓದಲು ಊರು ಬಿಟ್ಟು ಹೋಗುತ್ತಾರೆ, ಅಲ್ಲಿ ಮನಸ್ಸು ಬದಲಾದರೆ ನೆಪ ಹೇಳಿ ತಪ್ಪಿಸಿಕೊಳ್ಳಬಹುದು. ಹೆಣ್ಣಿಗೆ ಆ ದಾರಿಯೂ ಇಲ್ಲ. ಅವಳು ಊರಲ್ಲೇ ಕೂತು ಯಾವನೋ ಒಬ್ಬ ಪಾಸ್ಟರ್ ಬರಲಿ ಎಂದು ಕಾಯಬೇಕು, ಊರು ಅವಳನ್ನು ಕಾಯುತ್ತದೆ.

ಕಾಯುವುದೆಂದರೆ ಹೇಗೆ ಕಾದರು ಎನ್ನುತ್ತೀರಿ. ನಮ್ಮ ಸಭೆಯ ಮ್ಯೊಂಗ್ ಹಿರಿಯರ ಹೆಂಡತಿ ನನ್ನನ್ನು ಪುಟ್ಟ ಪಾಸ್ಟರಮ್ಮ ಎಂದೇ ಕರೆಯುತ್ತಿದ್ದರು. ಹಲ್ಲು ಕಾಣುವಂತೆ ನಕ್ಕರೆ, ಪಾಸ್ಟರಮ್ಮ ಹಾಗೆ ನಗಬಾರದು. ಓಡಿದರೆ, ಪಾಸ್ಟರಮ್ಮ ಓಡಬಾರದು. ಒಮ್ಮೆ ಓರಗೆಯ ಮಕ್ಕಳ ಜೊತೆ ಅವರ ಮನೆಯ ಮರದ ಹಣ್ಣು ಕದ್ದೆ. ಉಳಿದವರಿಗೆಲ್ಲ ಕಾಲಿನ ಮೇಲೆ ಎರಡೆರಡು ಬಿತ್ತು. ನನ್ನನ್ನು ಮಾತ್ರ ಹೊಡೆಯದೆ, ತಲೆಯ ಮೇಲೆ ಕೈಯಿಟ್ಟು, ಕಣ್ಣೀರು ಹಾಕಿ ಪ್ರಾರ್ಥಿಸಿದರು. ಹೊಡೆತ ತಿಂದವರು ಆ ಸಂಜೆಯಿಂದಲೇ ನನ್ನನ್ನು ಆಟಕ್ಕೆ ಸೇರಿಸಿಕೊಳ್ಳುವುದನ್ನು ಬಿಟ್ಟರು.

ಪಾಸ್ಟರನ ಹೆಂಡತಿಗೆ ಪಿಯಾನೋ ಬರಬೇಕು. ಆರನೇ ವಯಸ್ಸಿಗೆ ನನ್ನನ್ನು ಅದರ ಮುಂದೆ ಕೂರಿಸಿದರು, ಹತ್ತಕ್ಕೆ ಸಭೆಯ ಪಿಯಾನೋ ನನ್ನ ಪಾಲಿಗೆ ಬಂತು. ಭಾನುವಾರ ಎರಡು ಆರಾಧನೆ, ಬುಧವಾರ ಒಂದು, ಶುಕ್ರವಾರ ಒಂದು, ದಿನಾ ಮುಂಜಾವಿನ ಪ್ರಾರ್ಥನೆ. ನಾನು ದ್ವೀಪ ಬಿಟ್ಟು ಬೇರೆಲ್ಲೂ ಒಂದು ರಾತ್ರಿಯೂ ಕಳೆದಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಮುಂಜಾವಿನ ಪ್ರಾರ್ಥನೆಯಲ್ಲಿ ಪ್ರಸಂಗ ಮುಗಿದ ಮೇಲೆ ದೀಪ ಆರಿಸುತ್ತಾರೆ. ಆಮೇಲೆ ಎಲ್ಲರೂ ಒಟ್ಟಿಗೆ, ಗಟ್ಟಿಯಾಗಿ, ಅವರವರ ಮಾತಿನಲ್ಲಿ ಅವರವರ ಕಷ್ಟ ಹೇಳಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಪಿಯಾನೋ ನಿಲ್ಲಬಾರದು. ಇವಳು ಸೊಸೆಯ ಮೇಲೆ ಹೇಳುವ ದೂರು ಪಕ್ಕದವಳಿಗೆ ಕೇಳಬಾರದು, ಪಕ್ಕದವಳು ಇವಳ ಮೇಲೆ ಹೇಳುವ ದೂರು ಇವಳಿಗೆ ಕೇಳಬಾರದು. ಅದಕ್ಕೆ ನಾನು.

ನನಗೆ ಬೇಕಾಗಿದ್ದು ದೋಣಿ. ಚಳಿಗಾಲದಲ್ಲಿ ಅಪ್ಪನ ಜೊತೆ ಸಮುದ್ರದಲ್ಲಿ ಬಲೆ ಕಟ್ಟಿ ಪಾಚಿ ಬೆಳೆಸುವ ಸಾಲುಗಳಿಗೆ ಹೋಗುತ್ತೇನೆ. ಚುಕ್ಕಾಣಿ ನನ್ನ ಕೈಯಲ್ಲಿರುತ್ತದೆ, ಅಪ್ಪ ಬಲೆ ಎತ್ತುತ್ತಾನೆ. ಅಲ್ಲಿ ಹಲ್ಲು ಕಾಣುವಂತೆ ನಗುತ್ತೇನೆ, ಬೇಕೆಂದಾಗ ಬೈಯುತ್ತೇನೆ. ಅಪ್ಪನಿಗೆ ವಯಸ್ಸಾಗುತ್ತಿದೆ, ಮುಂದೆ ಆ ಸಾಲುಗಳನ್ನು ನಾನೇ ನೋಡಿಕೊಳ್ಳಬೇಕು, ಅಷ್ಟೇ ನನ್ನ ಆಸೆ. ಅದನ್ನು ಹೇಳಿದರೆ ಮ್ಯೊಂಗ್ ಹಿರಿಯರ ಹೆಂಡತಿ ನನ್ನ ಬಿರುಕು ಬಿಟ್ಟ ಬೆರಳುಗಳನ್ನು ಹಿಡಿದು ನೋಡಿ, ಪಾಸ್ಟರಮ್ಮನ ಕೈ ಹೀಗಿರಬಾರದು ಎಂದು ಮುಲಾಮು ಕೊಡುತ್ತಿದ್ದರು.

ಇಪ್ಪತ್ತೆಂಟು ದಾಟುವ ತನಕ ದ್ವೀಪಕ್ಕೆ ಬಂದ ಪಾಸ್ಟರುಗಳೆಲ್ಲ ದೇವರ ದಯೆಯಿಂದ ಮದುವೆಯಾದವರೇ ಆಗಿದ್ದರು. ಕಳೆದ ವರ್ಷ ಯೋಮ್ ಎಂಬ ಸುವಾರ್ತಿಕರು ಬಂದರು. ಪ್ರಸಂಗ ಮಾಡುತ್ತಾರೆ, ಆದರೆ ಪಾಸ್ಟರಾಗಿ ಅಭಿಷೇಕ ಆಗುವುದು ಬಾಕಿ, ಮದುವೆಯೂ ಬಾಕಿ. ಮದುವೆಯಾಗದವನನ್ನು ಯಾವ ಸಭೆಯೂ ಪಾಸ್ಟರಾಗಿ ಕರೆಯುವುದಿಲ್ಲ. ವಸಂತಕ್ಕೆ ಆಚೆ ದಡದ ಊರೊಂದರಲ್ಲಿ ಒಂದು ಸಭೆ ಅವರಿಗಾಗಿ ಕಾದಿತ್ತು, ಹೆಂಡತಿಯ ಸಮೇತ ಬರಬೇಕೆಂಬ ಮಾತಿನ ಮೇಲೆ. ಮನುಷ್ಯ ಕೆಟ್ಟವರಲ್ಲ. ಬಡಿಸಿದ್ದನ್ನೆಲ್ಲ ಸಂತೋಷವಾಗಿ ತಿನ್ನುತ್ತಾರೆ, ಹಾಡಿದರೆ ಶ್ರುತಿ ಬಿಟ್ಟು ಊರಾಚೆ ಹೋಗುತ್ತಾರೆ, ನಾನು ಪಿಯಾನೋದಲ್ಲಿ ಹಿಂದೆಯೇ ಹೋಗಿ ಹಿಡಿದು ತರುತ್ತೇನೆ. ಆದರೆ ಅವರ ಮುಖ ನೋಡಿದಾಗ ನನಗೆ ಏನೂ ಆಗುತ್ತಿರಲಿಲ್ಲ, ಮುಂದೆ ಆಗುವ ಲಕ್ಷಣವೂ ಇರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಚರ್ಚಿನ ಅಡುಗೆಮನೆಯಲ್ಲಿ ನಾನು ನೂಡಲ್ಸಿನ ಬಟ್ಟಲು ತೊಳೆಯುತ್ತಿದ್ದೆ. ಯೋಮ್ ಬಂದು ಬಾಗಿಲಲ್ಲಿ ನಿಂತರು. ಮೂರು ದಿನ ಉಪವಾಸವಿದ್ದು ಸೊರಗಿದ್ದರು.

"ಯೊಂಜು ಅವರೇ, ನಂಗೆ ಉತ್ತರ ಸಿಕ್ತು. ನೀವೇ ಅಂತೆ."

"ಯಾರಂದ್ರು?"

"ಕರ್ತನು."

ಕೊನೆಯ ದಿನ ಮುಂಜಾನೆ, ನನ್ನ ಜೀವನಸಂಗಾತಿಯನ್ನು ತೋರಿಸು ಎಂದು ಕೇಳಿ ಕಣ್ಣು ತೆರೆದರಂತೆ, ಎದುರಿಗೆ ಕಂಡವಳು ನಾನಂತೆ. ಇನ್ಯಾರು ಕಾಣುತ್ತಾರೆ? ಆ ಚರ್ಚಿನಲ್ಲಿ ಹತ್ತೊಂಬತ್ತು ವರ್ಷದಿಂದ ಯಾರೇ ಕಣ್ಣು ತೆರೆದರೂ ಎದುರಿಗೆ ಕಾಣುವವಳು ನಾನೇ. ಇದನ್ನು ಬಾಯಿಬಿಟ್ಟು ಹೇಳಬೇಕಿತ್ತು. ಅವರು ತಾನು ಇಷ್ಟಪಟ್ಟಿದ್ದೇನೆ ಎಂದಿದ್ದರೆ ನನಗೆ ಇಷ್ಟವಿಲ್ಲ ಎನ್ನಬಹುದಿತ್ತು. ಎರಡು ದಿನ ಮುಖ ಸಣ್ಣದು ಮಾಡಿಕೊಂಡು ಮೂರನೇ ದಿನ ಊಟಕ್ಕೆ ಬರುತ್ತಿದ್ದರು. ದೇವರ ಬಾಯಲ್ಲಿ ಹೇಳಿಸಿ ತಂದವನಿಗೆ ಏನು ಹೇಳುವುದು? ಪ್ರಾರ್ಥನೆ ಮಾಡಿ ಹೇಳುತ್ತೇನೆ ಎಂದುಬಿಟ್ಟೆ.

ಅದಕ್ಕಿಂತ ದೊಡ್ಡ ದಡ್ಡತನ ಇಲ್ಲ. ನಮ್ಮಲ್ಲಿ ಬೇಡ ಎನ್ನುವ ಹುಡುಗಿ ಅಲ್ಲಿಯೇ ಅಳುತ್ತಾಳೆ, ಇಲ್ಲವೇ ಓಡಿಹೋಗುತ್ತಾಳೆ. ಪ್ರಾರ್ಥನೆ ಮಾಡಿ ಹೇಳುತ್ತೇನೆ ಎಂದವಳು ಒಪ್ಪಿದಳು, ನಾಚಿಕೆ ಅಷ್ಟೇ ಎಂದು ಅರ್ಥ. ಇದು ಗೊತ್ತಿದ್ದೂ ಹೇಳಿದೆ. ಸಂಜೆಯೊಳಗೆ ಮ್ಯೊಂಗ್ ಹಿರಿಯರ ಹೆಂಡತಿ ಅಳತೆಪಟ್ಟಿ ಹಿಡಿದು ನಮ್ಮ ಮನೆಗೆ ಬಂದರು. ಕಣ್ಣ ಮುಂದೆ ಇದ್ದವಳನ್ನು ಬಿಟ್ಟು ಸುವಾರ್ತಿಕರು ಸುಮ್ಮನೆ ಉಪವಾಸ ಮಾಡಿದರಲ್ಲ ಎಂದು ನಗುತ್ತಾ, ಮದುವೆಯ ರೇಷ್ಮೆ ಬಟ್ಟೆಗೆ ನನ್ನ ತೋಳು, ಬೆನ್ನು ಎಲ್ಲ ಅಳೆದರು. ಮುಂದಿನ ಭಾನುವಾರ ಆರಾಧನೆಯಲ್ಲಿ ವಿಷಯ ತಿಳಿಸುವುದೆಂದು ಅವರೇ ಗೊತ್ತುಮಾಡಿದರು. ನಾನು ಕೈ ಅಗಲಿಸಿ ನಿಂತುಕೊಂಡಿದ್ದೆ.

ಮರುದಿನ ಧೈರ್ಯ ಮಾಡಿ ಅಮ್ಮನಿಗೆ ಹೇಳಿದೆ. ಪಾಚಿ ಒಣಗಿಸುವ ಕಾರ್ಖಾನೆಯಲ್ಲಿ ಯಂತ್ರದ ಪಕ್ಕ ನಿಂತೂ ನಿಂತೂ ಅಮ್ಮನ ಕಿವಿ ಮಂದವಾಗಿದೆ, ಮನೆಯಲ್ಲಿ ಎಲ್ಲವನ್ನೂ ಕೂಗಿಯೇ ಹೇಳಬೇಕು. ಕಿಮ್ಚಿ ಉಪ್ಪಿನಕಾಯಿಗೆ ಮೂಲಂಗಿ ಹೆಚ್ಚುತ್ತಿದ್ದಳು. ಅಮ್ಮ, ನನಗೆ ಇಷ್ಟ ಇಲ್ಲ ಎಂದು ಕೂಗಿದೆ. ಚಾಕು ನಿಂತಿತು. ಅಮ್ಮ ಕೇಳಿದ್ದು, ಬಾಯ್ಲರ್ ಆರಿಸಿದೆಯಾ ಎಂದು.

ನಾನು ಬಿಡಲಿಲ್ಲ, ಮುಂದೆ ಹೋಗಿ ಕೂತೆ. ಅಮ್ಮ ಅಂಗಳದಲ್ಲಿ ಬಲೆ ಸರಿಮಾಡುತ್ತಿದ್ದ ಅಪ್ಪನ ಕಡೆ ನೋಡಿದಳು. ಆಮೇಲೆ, ಕಿವಿ ಮಂದವಾದವರು ಸಾಮಾನ್ಯವಾಗಿ ಆಡದಷ್ಟು ಸಣ್ಣ ದನಿಯಲ್ಲಿ ಹೇಳಿದಳು: "ಕೊಟ್ಟಿದ್ದನ್ನ ನಾವು ವಾಪಸ್ ತಗೊಂಡ್ರೆ, ಆತನೂ ಕೊಟ್ಟಿದ್ದನ್ನ ವಾಪಸ್ ತಗೋತಾನೆ. ನಿಮ್ಮಪ್ಪ ದಿನಾ ಸಮುದ್ರಕ್ಕೆ ಹೋಗ್ತಾರೆ ಕಣೇ."

ಅಮ್ಮ ನನ್ನನ್ನು ಹಿಡಿದುಕೊಂಡಿದ್ದು ಯಾಕೆಂದು ನನಗೆ ಆಗ ಗೊತ್ತಾಯಿತು. ವರ್ಷಕ್ಕೊಮ್ಮೆ ಸಭೆಯ ವಾರ್ಷಿಕೋತ್ಸವದಲ್ಲಿ ಅಮ್ಮ ಎದ್ದು ನಿಂತು, ದೇವರು ಅಪ್ಪನನ್ನು ಉಳಿಸಿಕೊಟ್ಟ ಆ ರಾತ್ರಿಯ ಸಾಕ್ಷಿ ಹೇಳುತ್ತಿದ್ದಳು. ಸಭೆಯ ಹೆಂಗಸರ ಮುಂದಾಳು ಎಂಬ ಸ್ಥಾನ ಅವಳಿಗೆ ಸಿಕ್ಕಿದ್ದೇ ಆ ಸಾಕ್ಷಿಯಿಂದ. ಅದು ಅವಳ ಹೆಮ್ಮೆ ಎಂದು ತಿಳಿದು ನಾನು ಒಳಗೊಳಗೆ ಉರಿಯುತ್ತಿದ್ದೆ. ಅದು ಹೆಮ್ಮೆಯಲ್ಲ, ಭಯ. ಇಷ್ಟು ವರ್ಷ ದಿನಾ ಸಂಜೆ ದೋಣಿ ಬರುವ ತನಕ ಅವಳು ಆ ಭಯದಲ್ಲೇ ಕಾದಿದ್ದಾಳೆ, ದಿನಾ ಬೆಳಿಗ್ಗೆ ನನ್ನನ್ನು ಎಬ್ಬಿಸಿ ಪಿಯಾನೋ ಮುಂದೆ ಕೂರಿಸಿದ್ದಾಳೆ. ನನಗೆ ಅವಳ ಮೇಲೆ ಕೋಪವೂ ಬಂತು, ಅಳುವೂ ಬಂತು.

ಹುಚ್ಚು ಅಂಟುವ ಕಾಯಿಲೆ. ಆ ವಾರ ಅದು ನನಗೂ ಅಂಟಿತು. ಅಪ್ಪ ಕೆಮ್ಮಿದರೆ ಬೆಚ್ಚಿ ಬೀಳುತ್ತಿದ್ದೆ. ಗುರುವಾರ ಸಾಲುಗಳ ನಡುವೆ ದೋಣಿಯ ಎಂಜಿನ್ ಸುಮ್ಮನಾಯಿತು. ಚಳಿಗಾಲದಲ್ಲಿ ವಾರಕ್ಕೊಮ್ಮೆ ಅದು ಹಾಗೆ ಮಾಡುತ್ತದೆ, ಅಪ್ಪ ಅದಕ್ಕೊಂದು ಬೈಗುಳ ಇಟ್ಟುಕೊಂಡಿದ್ದಾನೆ, ಬೈದು ಎರಡು ಸಲ ಎಳೆದರೆ ಹೊತ್ತುತ್ತದೆ. ಆದರೆ ಅವತ್ತು ನಾನು ಚುಕ್ಕಾಣಿ ಹಿಡಿದುಕೊಂಡೇ ಮನಸ್ಸಿನಲ್ಲಿ, ಕರ್ತನೇ ಒಪ್ಪಿದೆ, ಯೋಮ್ ಅವರನ್ನೇ ಮಾಡಿಕೊಳ್ಳುತ್ತೇನೆ, ಅಪ್ಪನನ್ನು ಬಿಡು ಎಂದೆ. ಎಂಜಿನ್ ಹೊತ್ತಿತು. ಅಪ್ಪ ನನ್ನ ಮುಖ ನೋಡಿ, ಯಾಕೆ ಬಿಳಿಚಿಕೊಂಡಿದ್ದೀಯ, ಹಸಿವಾ ಎಂದ. ಹೌದು ಎಂದೆ. ಅಮ್ಮ ಮಾಡಿದ್ದನ್ನೇ ನಾನೂ ಮಾಡಿದ್ದೆ, ಇನ್ನು ಬಾಯಿ ಬಿಡಲು ನನಗೆ ಮುಖವಿರಲಿಲ್ಲ.

ಶನಿವಾರ ಮುಂಜಾನೆ ಅಮ್ಮ ಹಟ ಹಿಡಿದಳು, ನಾಳೆ ವಿಷಯ ತಿಳಿಸುತ್ತಾರೆ, ಇವತ್ತು ಮನೆಯವರೆಲ್ಲ ಪ್ರಾರ್ಥನೆಗೆ ಬರಬೇಕು ಎಂದು. ಅಪ್ಪ ಭಾನುವಾರ ಬಿಟ್ಟರೆ ಚರ್ಚಿನ ಒಳಗೆ ಬರುವವನಲ್ಲ. ದಿನಾ ನಮ್ಮನ್ನು ಗಾಡಿಯಲ್ಲಿ ತಂದುಬಿಟ್ಟು, ಮುಗಿಯುವ ತನಕ ಗಾಡಿಯಲ್ಲೇ ನಿದ್ದೆ ಹೊಡೆಯುತ್ತಾನೆ. ಅವತ್ತು ಗೊಣಗುತ್ತಾ ಬಂದು ಕೊನೆಯ ಬೆಂಚಿನಲ್ಲಿ ಕೂತ. ಮುಂದಿನ ಬೆಂಚಿನಲ್ಲಿ ಅಮ್ಮ, ಅವಳ ಹಿಂದೆ ಮ್ಯೊಂಗ್ ಹಿರಿಯರ ಹೆಂಡತಿ ಮತ್ತು ಉಳಿದ ಹೆಂಗಸರು. ಯೋಮ್ ಸುವಾರ್ತಿಕರು ಬುದ್ಧಿವಂತ ಹೆಣ್ಣು ಮನೆ ಕಟ್ಟುವುದರ ಬಗ್ಗೆ ಚಿಕ್ಕ ಪ್ರಸಂಗ ಮಾಡಿದರು. ಮಾಡುವಾಗ ಮೂರು ಸಲ ನನ್ನ ಕಡೆ ನೋಡಿದರು. ದೀಪ ಆರಿತು. ನಾನು ನುಡಿಸತೊಡಗಿದೆ, ಹಿಂದೆ ಎಲ್ಲರ ದನಿ ಎದ್ದಿತು.

ಪ್ರಾರ್ಥನೆ ಮಾಡಿ ಹೇಳುತ್ತೇನೆ ಎಂದಿದ್ದೆನಲ್ಲ, ಮಾಡಿಯೇ ಇಲ್ಲ ಎಂದು ನನಗೇ ಆಗ ಹೊಳೆಯಿತು. ಎಲ್ಲರೂ ದೇವರ ಹತ್ತಿರ ಮಾತಾಡುವ ಹೊತ್ತಿನಲ್ಲಿ ನಾನು ನುಡಿಸುತ್ತಿರುತ್ತೇನೆ. ಅವರ ಮಾತು ಮುಗಿದಾಗ ನನ್ನ ಕೆಲಸ ಮುಗಿಯುತ್ತದೆ, ಎದ್ದು ಮನೆಗೆ ಹೋಗುತ್ತೇನೆ. ದೇವರಿಗೆ ಕೊಟ್ಟ ಹುಡುಗಿ ಎಂದು ಹೆಸರು, ಆ ಚರ್ಚಿನಲ್ಲಿ ದೇವರ ಹತ್ತಿರ ಒಂದು ಮಾತೂ ಆಡದವಳು ನಾನೊಬ್ಬಳೇ. ದೋಣಿಯಲ್ಲಿ ಹೆದರಿ ಆಡಿದ ಆ ಒಂದು ಮಾತು ಬಿಟ್ಟರೆ ಬೇರೇನೂ ಇಲ್ಲ. ನಾಳೆ ಈ ಊರಿನ ಮುಂದೆ ತಲೆಯಾಡಿಸಬೇಕು, ಅದಕ್ಕೆ ಮೊದಲು ಒಂದು ಸಲವಾದರೂ ನೆಟ್ಟಗೆ ಕೇಳಿನೋಡಬೇಕು ಅನ್ನಿಸಿತು. ಕೈ ಎತ್ತಿ ಮಡಿಲಲ್ಲಿ ಇಟ್ಟುಕೊಂಡೆ.

ಪಿಯಾನೋ ನಿಂತದ್ದೇ ತಡ, ಒಬ್ಬೊಬ್ಬರ ದನಿಯೂ ತಗ್ಗಿತು. ಯಾರೋ ಕೆಮ್ಮಿದರು, ಎಲ್ಲರೂ ಸುಮ್ಮನಾದರು. ಅಮ್ಮ ಮಾತ್ರ ಸುಮ್ಮನಾಗಲಿಲ್ಲ. ಅವಳಿಗೆ ಪಿಯಾನೋ ನಿಂತದ್ದು ಕೇಳಿಸಿರಲಿಲ್ಲ.

"ಅವಳಿಗೆ ಇಷ್ಟ ಇಲ್ಲ ಕರ್ತನೇ," ಎನ್ನುತ್ತಿದ್ದಳು. ಕಾರ್ಖಾನೆಯ ಯಂತ್ರದ ಮೇಲೆ ಕೂಗುವವಳ ದನಿ ಅದು. "ನಂಗೊತ್ತು, ಅವಳು ಚಿಕ್ಕವಳಿದ್ದಾಗ್ಲಿಂದ ಗೊತ್ತು. ದೋಣೀಲಿ ನಗೋ ಥರ ಅವಳು ಇಲ್ಲಿ ಯಾವತ್ತೂ ನಕ್ಕಿಲ್ಲ. ಬೇಡ ಬಿಡು ಅನ್ನೋಕೆ ನಂಗೆ ಧೈರ್ಯ ಇಲ್ಲ. ಆ ರಾತ್ರಿ ನೀನು ಕೇಳಿರ್ಲಿಲ್ಲ, ನಾನೇ ಮೀನಿನ ಹರಾಜಲ್ಲಿ ಕೂಗೋ ಹಾಗೆ ಮಗೂನ ಕೂಗಿಬಿಟ್ಟೆ. ಈಗ ಹಿಂದೆ ತಗೊಂಡ್ರೆ ಅವರನ್ನ ತಗೋತೀಯ ಅಂತ ಭಯ. ತಗೋಳ್ಳೋದಾದ್ರೆ ನನ್ನ ತಗೋ. ಅವರನ್ನೂ ಬಿಡು, ಇವಳನ್ನೂ ಬಿಡು."

ತಿರುಗಿ ನೋಡಿದೆ, ಹೊರಗಿನ ದೀಪದ ಮಬ್ಬು ಬೆಳಕು ಕಿಟಕಿಯಿಂದ ಬೀಳುತ್ತಿತ್ತು. ಮ್ಯೊಂಗ್ ಹಿರಿಯರ ಹೆಂಡತಿ ಅಮ್ಮನ ಬೆನ್ನು ಮುಟ್ಟಿ ತಡೆಯಲು ಕೈ ಚಾಚಿ ಹಾಗೆಯೇ ನಿಲ್ಲಿಸಿದರು. ಆಗ ಕೊನೆಯ ಬೆಂಚಿನಿಂದ ಅಪ್ಪ ಎದ್ದ. ನಡುವಿನ ದಾರಿಯಲ್ಲಿ ನಡೆದು ಬಂದು ಅಮ್ಮನ ಪಕ್ಕದಲ್ಲಿ ಕೂತು ಅವಳ ಭುಜ ಹಿಡಿದ. ಅಮ್ಮ ಕಣ್ಣು ತೆರೆದಳು. ಯಾರೋ ಹೋಗಿ ದೀಪ ಹಾಕಿದರು.

ಅಪ್ಪನಿಗೆ ಮೆತ್ತಗೆ ಹೇಳುವ ಆಸೆಯಿತ್ತು ಎಂದು ಕಾಣುತ್ತದೆ, ಆದರೆ ಅಮ್ಮನಿಗೆ ಮೆತ್ತಗೆ ಹೇಳಿದರೆ ಆಗುವುದಿಲ್ಲ. ಊರೆಲ್ಲ ಕೇಳುವಂತೆಯೇ ಹೇಳಬೇಕಾಯಿತು.

"ಯೊಂಜುವಿನ ಅಮ್ಮ, ಆ ರಾತ್ರಿ ನಾನು ಸಮುದ್ರದಲ್ಲಿರ್ಲಿಲ್ಲ."

ಅಮ್ಮ ಅವನ ತುಟಿಯನ್ನೇ ನೋಡುತ್ತಿದ್ದಳು.

ಅಪ್ಪ ನೆಲ ನೋಡಿಕೊಂಡು ಉಳಿದದ್ದನ್ನೂ ಹೇಳಿದ. ಎಂಜಿನ್ ಕೆಟ್ಟಿತ್ತು ನಿಜ. ಆದರೆ ಕತ್ತಲಾಗುವ ಮೊದಲೇ ಪಕ್ಕದ ದ್ವೀಪದ ದೋಣಿಯೊಂದು ಎಳೆದುಕೊಂಡು ಹೋಗಿ ದಡ ಸೇರಿಸಿತ್ತು. ಫೋನಿನ ತಂತಿ ಹರಿದಿದ್ದರಿಂದ ಸುದ್ದಿ ಕಳಿಸಲು ಆಗಲಿಲ್ಲ. ಆ ಮನೆಯವರು ಊಟ ಹಾಕಿದರು, ಅಕ್ಕಿಯ ಹೆಂಡ ಮಕ್ಕೊಲ್ಲಿ ಬಗ್ಗಿಸಿದರು, ಅಪ್ಪ ಇಸ್ಪೀಟೆಲೆ ಆಡಿ, ಬೆಂಕಿ ಹಾಕಿ ಬೆಚ್ಚಗೆ ಮಾಡಿದ ನೆಲದ ಮೇಲೆ ಬಿದ್ದುಕೊಂಡ. ಬೆಳಿಗ್ಗೆ ತಲೆನೋವಿನಲ್ಲಿ ಎದ್ದು ದೋಣಿ ಸರಿಮಾಡಿಕೊಂಡು ಬಂದರೆ ಕಟ್ಟೆಯ ಮೇಲೆ ಊರೆಲ್ಲ ನಿಂತು ಹಾಡುತ್ತಿತ್ತು. ಅವರ ಮುಂದೆ ರಾತ್ರಿ ಕುಡಿದು ಮಲಗಿದ್ದೆ ಎನ್ನಲು ಬಾಯಿ ಬರಲಿಲ್ಲ. ನಾಳೆ ಹೇಳೋಣ ಎಂದುಕೊಂಡ. ಅಷ್ಟರಲ್ಲಿ ಅದು ಸಾಕ್ಷಿಯಾಗಿ ಹೋಯಿತು. ಎಳೆದು ತಂದವರ ಕೈಕಾಲು ಹಿಡಿದು ಬಾಯಿ ಮುಚ್ಚಿಸಿದ.

"ನೀನು ಕೇಳೋದಕ್ಕೆ ಮುಂಚೇನೇ ಆತ ನನ್ನ ದಡ ಸೇರಿಸಿದ್ದ," ಎಂದ. "ಸುಮ್ಮನೇ ಸೇರಿಸಿದ್ದ. ಮಗೂನ ಬೇಡಿ ಅಲ್ಲ. ನಾನು ಹೇಡಿ, ಹೇಳ್ಲಿಲ್ಲ."

ಅಮ್ಮ ಕೇಳಿದ್ದು ದೇವರ ವಿಷಯವಲ್ಲ.

"ಏನು ಊಟ ಹಾಕಿದ್ರು?"

"ಸಿಂಪಿ ಹಾಕಿದ ಪಾಚಿ ಸಾರು."

"ನಾನು ಉಪವಾಸ ಇದ್ದೆ," ಎಂದಳು ಅಮ್ಮ. "ಬಸುರಿ. ಈ ನೆಲದ ಮೇಲೆ, ಬೆಳಗಾಗೋ ತನಕ."

ಕೈಯಲ್ಲಿದ್ದ ಹಾಡಿನ ಪುಸ್ತಕದಿಂದ ಅವನ ತೋಳಿಗೆ ಒಂದು ಕೊಟ್ಟಳು. ಇನ್ನೊಂದು ಕೊಟ್ಟಳು. ಅಪ್ಪ ತಪ್ಪಿಸಿಕೊಳ್ಳಲಿಲ್ಲ. ಮೂರನೆಯದಕ್ಕೆ ಕೈ ಎತ್ತಿದವಳು ಅದೇ ತೋಳಿಗೆ ಹಣೆಯಿಟ್ಟು ಅತ್ತಳು. ಚಿಕ್ಕಂದಿನಿಂದ ಎಷ್ಟೋ ಸಲ ಅವಳು ಆ ಚರ್ಚಿನಲ್ಲಿ ಅತ್ತದ್ದನ್ನು ನೋಡಿದ್ದೇನೆ. ಇದು ಬೇರೆ ಅಳು. ಹೊತ್ತುಕೊಂಡಿದ್ದದ್ದನ್ನು ಕೆಳಗಿಡುವವರು ಅಳುವ ಅಳು.

ಆಮೇಲೆ ಮೂಗು ಒರೆಸಿಕೊಂಡು ಎದ್ದಳು. ನಾನು ಪಿಯಾನೋ ಬಿಟ್ಟು ಇಳಿದಿದ್ದೆ. ಹೇಳು ಎಂದಳು. ಎಲ್ಲರ ಎದುರಿಗೆ, ಕೂಗದೆ, ನನಗೆ ಮದುವೆ ಇಷ್ಟವಿಲ್ಲ ಎಂದೆ. ಯಾರೂ ಸಾಯಲಿಲ್ಲ. ಅಪ್ಪ ಅಲ್ಲಿಯೇ ಕೂತು ತೋಳು ತಿಕ್ಕಿಕೊಳ್ಳುತ್ತಿದ್ದ.

ಯೋಮ್ ಸುವಾರ್ತಿಕರ ಕಿವಿಗಳು ಕೆಂಪಾಗಿದ್ದವು. ಪೀಠದ ಅಂಚು ಹಿಡಿದುಕೊಂಡು, ನಿಜವಾಗಿಯೂ ತಿಳಿಯದೆ ಕೇಳಿದರು: "ಹಾಗಾದ್ರೆ ನಂಗೆ ಸಿಕ್ಕ ಉತ್ತರ?"

"ನಂಗೂ ಸಿಕ್ಕಿತ್ತಲ್ಲ ಉತ್ತರ, ಸುವಾರ್ತಿಕರೇ," ಎಂದಳು ಅಮ್ಮ. "ವರ್ಷಾ ವರ್ಷಾ ಎದ್ದು ನಿಂತು ಹೇಳ್ದೆ. ನಾಳೆ ನಾನೇ ಎದ್ದು ಅದು ಏನಾಗಿತ್ತು ಅಂತಾನೂ ಹೇಳ್ತೀನಿ. ನೀವು ಮನೆಗೆ ಹೋಗಿ, ಹೊಟ್ಟೆ ತುಂಬ ಊಟ ಮಾಡಿ, ಮಲ್ಕೊಳ್ಳಿ."

ಅವರಿಗೆ ಬೇಜಾರಾಯಿತು, ನನಗೂ ಅವರನ್ನು ನೋಡಿ ಪಾಪ ಅನ್ನಿಸಿತು. ಆದರೆ ಪಾಪ ಅನ್ನಿಸಿತೆಂದು ಮದುವೆಯಾಗಲು ಬರುವುದಿಲ್ಲ.

ಹೆಂಗಸರು ಒಬ್ಬೊಬ್ಬರಾಗಿ ಚಪ್ಪಲಿ ಹಾಕಿಕೊಂಡು ಹೋದರು. ನಾನು ಬರುವುದಿಲ್ಲ, ಸ್ವಲ್ಪ ಹೊತ್ತು ಇರುತ್ತೇನೆ ಎಂದೆ. ಅಮ್ಮ ಏನೂ ಕೇಳದೆ ಅಪ್ಪನನ್ನು ಕರೆದುಕೊಂಡು ಹೊರಗೆ ಹೋದಳು. ನಾನು ಬೆಂಚಿನಲ್ಲಿ ಕೂತೆ. ಅಲ್ಲಿಂದ ನೋಡಿದರೆ ಚರ್ಚು ಇಷ್ಟು ಚಿಕ್ಕದಾಗಿ ಕಾಣುತ್ತದೆಂದು ನನಗೆ ಗೊತ್ತಿರಲಿಲ್ಲ. ಏನು ಕೇಳುವುದೆಂದು ತಿಳಿಯಲಿಲ್ಲ. ಕೊನೆಗೆ, ಕರ್ತನೇ, ನಾನು ಯೊಂಜು ಎಂದೆ. ಹೊರಗೆ ಗಾಡಿಯ ಹತ್ತಿರ ಅಮ್ಮ, ಸಾರಿಗೆ ಎಷ್ಟು ಸಿಂಪಿ ಹಾಕಿದ್ದರು, ಎಷ್ಟು ಬಟ್ಟಲು ಕುಡಿದಿರಿ ಎಂದು ಅಪ್ಪನನ್ನು ಕೂಗಿ ಕೇಳುತ್ತಿದ್ದಳು, ಅಪ್ಪನೂ ಕೂಗಿಯೇ ಉತ್ತರ ಹೇಳುತ್ತಿದ್ದ.